ಅಕ್ಕಿ ತಿನ್ನುವ ಅಕ್ಕ

ಸವಣೂರಿನಿಂದ ಮದುವೆಯಾಗಿ ಹಾನಗಲ್ಲಿನ ಈ ಮನೆಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅಕ್ಕಿಯ ಚೀಲಗಳು. ಮಾವನವರದು ಭತ್ತದ ವ್ಯಾಪಾರ. ಪಡಸಾಲೆಯ ಒಂದು ಗೋಡೆಗುಂಟ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿರುತ್ತಿದ್ದರು. ಊಟಕ್ಕೆ ಕೊರತೆ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅಂಥ ಮನೆಯಲ್ಲಿ ಒಬ್ಬ ಹೆಂಗಸು ಒಳಗೊಳಗೇ ಬತ್ತುತ್ತಿದ್ದಾಳೆ ಎಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

ಆಕೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದೇ ಕರೆಯುತ್ತೇನೆ. ಅವರ ತವರು ಹಿರೇಕೆರೂರು ಕಡೆಯ ಅಬಲೂರು, ಮಳೆಯನ್ನೇ ನಂಬಿದ ಹೊಲಗಳ ಊರು. ಜೋಳದ ರೊಟ್ಟಿ, ಬದುವಿನ ಮೇಲಿನ ಸೊಪ್ಪು, ಮೊಳಕೆ ಕಾಳು, ಗುರೆಳ್ಳು ಚಟ್ನಿ ಉಂಡು ಬೆಳೆದವರು. ನಮ್ಮ ಮನೆಯಲ್ಲಿ ಅವೆಲ್ಲ ಇರಲಿಲ್ಲವೆಂದಲ್ಲ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡು, ಅಕ್ಕ ತಾಟು ಹಚ್ಚಿಕೊಳ್ಳುವ ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ಒಗ್ಗರಣೆಯ ಎಣ್ಣೆಯಷ್ಟೇ ಉಳಿದಿರುತ್ತಿತ್ತು. ಬಿಳಿ ಅನ್ನಕ್ಕೆ ತಿಳಿಸಾರು ಸುರಿದುಕೊಂಡು ಉಣ್ಣುತ್ತಿದ್ದರು. ಕೈ ತೊಳೆದ ಕೂಡಲೇ ಒಂದು ಲೋಟ ಕಡಕ್ ಚಹಾ. ಸೋಮವಾರ ಉಪವಾಸ, ಅವತ್ತು ಚಹಾದ ಜೊತೆ ಒಂದಿಷ್ಟು ಸಾಬೂದಾಣಿ.

ಒಂದು ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ಕಟಂ ಕಟಂ ಎಂಬ ಸದ್ದು ಕೇಳಿ ಇಲಿ ಬಂದಿರಬೇಕೆಂದು ಒಳಗೆ ಹೋದೆ. ಅಕ್ಕ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಹಸನು ಮಾಡಿದ ಅಕ್ಕಿಯನ್ನು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಅಕ್ಕಾ, ಹಸಿ ಅಕ್ಕಿ ತಿನ್ನಾಕತ್ತೀರೇನ್ರಿ?"

"ಬಾಯಾಗ ಏನರ ಕಟಂ ಅನಬೇಕವಾ. ಇಲ್ಲಂದ್ರ ಸಮಾಧಾನ ಆಗಂಗಿಲ್ಲ."

ಪಡಸಾಲೆಯಿಂದ ಅತ್ತೆ ದನಿ ಎತ್ತಿದರು. "ತಿನ್ನು, ತಿನ್ನು. ಮಗಳ ಲಗ್ನದಾಗ ಮಳಿ ಹಿಡೀತೈತಿ ನೋಡು."

ಮೂವರೂ ನಕ್ಕೆವು. ಅಷ್ಟಕ್ಕೇ ಮುಗಿಯಿತು. ಅಕ್ಕನ ಮಗಳ ಮದುವೆ ಮುಂದೆ ಬಿರುಬಿಸಿಲಿನಲ್ಲಿ ಚೆನ್ನಾಗಿಯೇ ಆಯಿತು. ಆಕೆಯನ್ನು ತಡಸಕ್ಕೆ ಕೊಟ್ಟೆವು.

ಆದರೆ ಅಕ್ಕಿ ನಿಲ್ಲಲಿಲ್ಲ. ಆಮೇಲಾಮೇಲೆ ಸೀರೆಯ ಸೆರಗಿನ ಗಂಟಿನಲ್ಲಿ ಬಳಪದ ಚೂರುಗಳು ಕಾಣತೊಡಗಿದವು. ಮಕ್ಕಳ ಪಾಟಿಗೆಂದು ತಂದ ಬಳಪ ಡಬ್ಬಿಯಲ್ಲೇ ಕರಗಿ ಹೋಗುತ್ತಿತ್ತು. ಮೊದಲ ಮಳೆ ಬಿದ್ದ ದಿನ ಅಕ್ಕ ಹಿತ್ತಲ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು ಮಣ್ಣಿನ ವಾಸನೆಯನ್ನು ಎಳೆದುಕೊಳ್ಳುತ್ತಿದ್ದುದನ್ನು ನೋಡಿದೆ. ಬಾಯಲ್ಲಿ ನೀರೂರಿ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು. ನನಗೆ ಯಾಕೋ ಅಂಜಿಕೆಯಾಯಿತು. ಕರೆದೆ, ತಿರುಗಿ ನೋಡಲಿಲ್ಲ.

ಅವರ ಮುಖ ಹಳೆಯ ಅರಿವೆಯ ಬಣ್ಣಕ್ಕೆ ತಿರುಗಿತ್ತು. ಉಗುರುಗಳು ಚಮಚದ ಹಾಗೆ ನಡುವೆ ಕುಳಿ ಬಿದ್ದಿದ್ದವು. ಮಾಳಿಗೆಗೆ ಬಟ್ಟೆ ಒಣಹಾಕಲು ಹೋದವರು ಬೇಗ ಇಳಿದು ಬರುತ್ತಿರಲಿಲ್ಲ. ಹೋಗಿ ನೋಡಿದರೆ ತೊಯ್ದ ಬಟ್ಟೆಯ ಬಕೀಟಿನ ಪಕ್ಕದಲ್ಲೇ ಕೂತು, ಓಡಿ ಬಂದವರ ಹಾಗೆ ಉಸಿರುಬಿಡುತ್ತಿದ್ದರು. ತಿಂಗಳ ಮುಟ್ಟು ವಾರ ದಾಟಿದರೂ ನಿಲ್ಲುವುದಿಲ್ಲ ಎಂದು ನನಗೊಬ್ಬಳಿಗೇ ಹೇಳಿದ್ದರು. "ಈ ವಯಸ್ಸಿಗೆ ಎಲ್ಲಾರಿಗೂ ಹಿಂಗ ಆಗತೈತಿ," ಎಂದು ತಾವೇ ಸಮಾಧಾನ ಮಾಡಿಕೊಂಡರು. ಒಮ್ಮೆ ದವಾಖಾನೆಗೆ ಹೋಗೋಣ ಎಂದೆ. "ಜ್ವರಿಲ್ಲ, ನೋವಿಲ್ಲ. ಏನಂತ ಹೇಳೂಣು?" ಎಂದು ಕೇಳಿದರು.

ಶ್ರಾವಣದಲ್ಲಿ ಮಗಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಮಗಳು ಚೊಚ್ಚಲ ಬಸುರಿ. ಸೀರೆ ಮತ್ತು ಹಸಿರು ಬಳೆ ಕೊಳ್ಳಲು ಶಿಗ್ಗಾಂವಿಯಲ್ಲಿ ಸೇರುವುದೆಂದು ಮಾತಾಯಿತು. ತಡಸದಿಂದ ಮಗಳು ಮತ್ತು ಅಳಿಯ, ಹಾನಗಲ್ಲಿನಿಂದ ಅಕ್ಕ ಮತ್ತು ನಾನು. ಅವತ್ತು ಸೋಮವಾರ. ಬೆಳಿಗ್ಗೆಯಿಂದ ಅಕ್ಕ ಚಹಾ ಬಿಟ್ಟರೆ ಏನೂ ತೆಗೆದುಕೊಂಡಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, "ಕಿವ್ಯಾಗ ಗುಂಯ್ ಅನ್ನಾಕತ್ತೈತಿ," ಎಂದರು. ನಾನು ಬಾಳೆಹಣ್ಣು ಕೊಟ್ಟೆ. ಸಂಜೆ ಪೂಜೆಯಾದ ಮೇಲೆ ತಿನ್ನುತ್ತೇನೆಂದು ಚೀಲದಲ್ಲಿಟ್ಟುಕೊಂಡರು.

ಬಟ್ಟೆ ಅಂಗಡಿಯಲ್ಲಿ ಸೀರೆಗಳು ಮೇಲಿನ ಮಾಳಿಗೆಯಲ್ಲಿದ್ದವು. ಮಗಳು ತುಂಬಿದ ಹೊಟ್ಟೆ ಹೊತ್ತು ನಿಧಾನವಾಗಿ ಮುಂದೆ ಹತ್ತುತ್ತಿದ್ದಳು. ನಾನು ಅಕ್ಕನ ಹಿಂದಿದ್ದೆ. ನಡುವಿನ ಮೆಟ್ಟಿಲಲ್ಲಿ ಅವರು ನಿಂತರು. ಕಂಬಿ ಹಿಡಿದಿದ್ದ ಕೈ ಸಡಿಲಿತು. ಮರುಗಳಿಗೆ ಅವರ ಇಡೀ ಭಾರ ನನ್ನ ಎದೆಯ ಮೇಲಿತ್ತು. ಆ ಭಾರ ಎಷ್ಟು ಹಗುರವಿತ್ತೆಂದರೆ, ಒಬ್ಬಳೇ ತಡೆದು ನಿಂತೆ.

ಹತ್ತಿರದ ದವಾಖಾನೆಗೆ ಆಟೋದಲ್ಲಿ ಒಯ್ದೆವು. ಅಲ್ಲಿದ್ದ ಡಾಕ್ಟರು ಮಧ್ಯವಯಸ್ಸಿನ ಹೆಣ್ಣುಮಗಳು. ಅಕ್ಕನ ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ನೋಡಿದರು. ಕೆಂಪಿರಬೇಕಾದ ಜಾಗ ಕಾಗದದ ಹಾಗೆ ಬೆಳ್ಳಗಿತ್ತು.

"ಏನು ಊಟ ಮಾಡ್ತಾರ್ರಿ ಇವರು?"

"ಎಲ್ಲಾ ಉಣ್ತಾರ್ರಿ. ಮನ್ಯಾಗ ಏನೂ ಕಡಿಮಿ ಇಲ್ಲ," ಎಂದೆ.

"ಅಕ್ಕಿ, ಬಳಪ, ಮಣ್ಣು ತಿನ್ನೂ ರೂಢಿ ಐತೇನು?"

ನಾನು ಅವರ ಮುಖವನ್ನೇ ನೋಡಿದೆ. ನಾವು ಯಾರೂ ಅದನ್ನು ಹೇಳಿರಲಿಲ್ಲ.

ನಾನು ಹೌದೆಂದಾಗ, ಅದು ಚಟವಲ್ಲ ಎಂದು ಡಾಕ್ಟರು ತಿಳಿಸಿದರು. ಮೈಯಲ್ಲಿ ಕಬ್ಬಿಣದಂಶ ಬರಿದಾದಾಗ ಬಾಯಿ ಹೀಗೆ ಏನೇನನ್ನೋ ಬೇಡುತ್ತದಂತೆ. ಮುಟ್ಟಿನಲ್ಲಿ ಹೋದ ರಕ್ತವನ್ನು ಅನ್ನ ಮತ್ತು ತಿಳಿಸಾರು ತುಂಬಿಕೊಡಲಿಲ್ಲ. ಊಟದಲ್ಲಿದ್ದ ಅಷ್ಟಿಷ್ಟು ಕಬ್ಬಿಣದಂಶವನ್ನೂ, ಉಂಡ ಕೂಡಲೇ ಕುಡಿದ ಚಹಾ ಮೈಗೆ ಹತ್ತಗೊಡಲಿಲ್ಲ. ರಕ್ತಪರೀಕ್ಷೆಯ ಚೀಟಿ ಬಂದಾಗ ಅವರ ದನಿ ತಗ್ಗಿತು. "ಇರಬೇಕಾದ್ದರಾಗ ಅರ್ಧಾನೂ ಇಲ್ಲ. ಎದಿ ಇಷ್ಟು ದಿನಾ ಹೆಂಗ ತಡಕೊಂಡೈತೋ. ರಕ್ತ ಏರಿಸಬೇಕು, ಈಗ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ."

ಅಳಿಯ ಗಾಡಿ ತರಲು ಹೊರಗೆ ಓಡಿದ. ಮಗಳು ತಾಯಿಯ ಪಾದಗಳನ್ನು ತಿಕ್ಕುತ್ತ ಅಳುತ್ತಿದ್ದಳು. ಚೀಟಿ ಬರೆಯುತ್ತಿದ್ದ ಡಾಕ್ಟರು ತಲೆ ಎತ್ತಿ ಆಕೆಯನ್ನು ನೋಡಿದರು. ಪೆನ್ನು ಕೆಳಗಿಟ್ಟರು.

"ಈ ಕಡೆ ಬಾ ತಂಗಿ. ಬೆಳಕಿಗೆ ನಿಂದ್ರು."

ಆಕೆಯ ರೆಪ್ಪೆಯನ್ನೂ ಜಗ್ಗಿದರು. ಅದೂ ಬೆಳ್ಳಗೇ ಇತ್ತು.

"ನೀ ಏನು ತಿಂತಿ?"

ಮಗಳು ತಲೆ ತಗ್ಗಿಸಿದಳು. "ಹಿತ್ತಲದ ಗ್ವಾಡಿ ಮಣ್ಣ ರೀ. ಬಯಕಿ ಅಂತ ಅತ್ತಿಯಾರೂ ಸುಮ್ನ ಇದ್ದಾರ."

"ಕಬ್ಬಿಣದ ಗುಳಿಗಿ ಕೊಟ್ಟಿದ್ರಲ್ಲ?"

"ಓಕರಿಕಿ ಬರ್ತಿತ್ತು ರೀ. ಕೂಸು ಕರ್ರಗ ಹುಟ್ಟತೈತಿ ಅಂದ್ರು ಮಂದಿ. ಬಿಟ್ಟೆ."

ಒಬ್ಬರಿಗೆಂದು ತರಿಸಿದ ಗಾಡಿಯಲ್ಲಿ ತಾಯಿ ಮಗಳು ಇಬ್ಬರನ್ನೂ ಕರೆದುಕೊಂಡು ಹೋದೆವು. ಹೊಟ್ಟೆಯೊಳಗಿನದನ್ನು ಸೇರಿಸಿದರೆ ಮೂರು ಜೀವ. ದಾರಿಯುದ್ದಕ್ಕೂ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನಗೆ, "ಕಾಕಿ, ಇದು ಅಳ್ಳಾಡಾಕತ್ತಿಲ್ಲ," ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ಈಗ ಅಳ್ಳಾಡ್ತು," ಎನ್ನುತ್ತಿದ್ದಳು. ಅಕ್ಕ ಅರೆಪ್ರಜ್ಞೆಯಲ್ಲಿ ಆ ಮಾತುಗಳನ್ನು ಕೇಳಿಸಿಕೊಳ್ಳುತ್ತಿದ್ದರೋ ಏನೋ, ಅವರ ಬೆರಳುಗಳು ನನ್ನ ಮಣಿಕಟ್ಟನ್ನು ಬಿಡಲಿಲ್ಲ.

ಅಕ್ಕನಿಗೆ ರಕ್ತ ಏರಿಸಿದರು. ಹೊಸ ರಕ್ತ ಒಳಗೆ ಹೋಗುತ್ತಿದ್ದಂತೆ ತುಟಿಗೆ ಬಣ್ಣ ಬಂದದ್ದನ್ನು ನೋಡಿದಾಗ, ಅಷ್ಟು ವರ್ಷ ನಮ್ಮ ನಡುವೆ ಓಡಾಡಿದ ಮುಖ ಎಂಥದಾಗಿತ್ತೆಂದು ನನಗೆ ಆಗ ಗೊತ್ತಾಯಿತು. ಮಗಳಿಗೂ ಕಬ್ಬಿಣದಂಶದ ಔಷಧಿಯನ್ನು ನರಕ್ಕೆ ಕೊಟ್ಟರು. ಆದರೆ ಅದು ಮೈಗೆ ಹತ್ತುವಷ್ಟು ಸಮಯ ಸಿಗಲಿಲ್ಲ. ಕುಬಸದ ದಿನ ಬರುವ ಮೊದಲೇ, ಇನ್ನೂ ಹುಬ್ಬಳ್ಳಿಯಲ್ಲಿರುವಾಗಲೇ, ನೋವು ಶುರುವಾಯಿತು. ಹುಟ್ಟಿದ್ದು ಹೆಣ್ಣು, ಅಂಗೈಗಿಂತ ಸ್ವಲ್ಪ ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಕ್ಕ ತಮ್ಮ ಹಾಸಿಗೆಯಿಂದ ಎದ್ದು ಗೋಡೆ ಹಿಡಿದುಕೊಂಡು ಬಂದು, ಆ ಗಾಜಿನ ಮುಂದೆ ನಿಂತು, "ನನ್ನಿಂದ ಬಂದದ್ದೇನಿದು?" ಎಂದು ಕೇಳಿದರು.

ಕೂಸು ಬದುಕಿತು. ಈಗ ನಮ್ಮ ಮನೆಯಲ್ಲೇ ಇದೆ. ಹೊರಳುವುದು, ಕೂಡುವುದು ಎಲ್ಲ ತಡ. ಪ್ರತಿ ಸಲ ತೂಕ ಮಾಡಿಸಲು ಹೋಗುವಾಗ ಮಗಳು ದಾರಿಯಲ್ಲಿ ಮಾತಾಡುವುದಿಲ್ಲ.

ದವಾಖಾನೆಯಿಂದ ಅಕ್ಕ ಮನೆಗೆ ಬಂದ ಮೊದಲ ದಿನ, ಎಂದೂ ಅಡುಗೆಮನೆಯ ವಿಷಯ ಮಾತಾಡದ ಭಾವನವರು ತಾಟಿನ ಮುಂದೆ ಕೂತು ಕೈ ಹಚ್ಚಲಿಲ್ಲ. "ಎಲ್ಲಾರೂ ಬರ್ರಿ, ಕೂಡೇ ಉಣ್ಣೂಣು," ಎಂದರು. ಅಕ್ಕ ಬಾಗಿಲಲ್ಲಿ ನಿಂತೇ ಇದ್ದರು. ಭಾವನವರೇ ಎದ್ದು ರೊಟ್ಟಿಯ ಮೇಲೆ ಮೆಂತೆ ಪಲ್ಯ ಹಾಕಿ ತಾಟನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ಗಂಡನ ಎದುರು ಉಣ್ಣಲು ನಾಚಿ, ಬಹಳ ಹೊತ್ತು ಒಂದೇ ತುತ್ತನ್ನು ಅಗಿದರು. ಅಂದಿನಿಂದ ದಿನವೂ ಕಾಳು, ಸೊಪ್ಪು, ಒಂದು ಹೋಳು ನಿಂಬೆ, ಡಾಕ್ಟರು ಹೇಳಿದ ಗುಳಿಗೆ. ಕೆಲವು ವಾರಗಳಲ್ಲಿ ಅಕ್ಕಿಯ ಮೇಲಿನ ಆಸೆ ತಾನಾಗಿಯೇ ಹೋಯಿತು.

ಆಮೇಲೆ ನಾನೂ ರಕ್ತ ಪರೀಕ್ಷೆ ಮಾಡಿಸಿದೆ. ಅಕ್ಕನಷ್ಟಲ್ಲದಿದ್ದರೂ ಕಡಿಮೆಯೇ ಇತ್ತು. ನನ್ನ ದೊಡ್ಡ ಮಗಳದೂ ಕಡಿಮೆ. ಉಳಿದವರು ಅತ್ತೆ. ಈಗ ಅವರು ಹಗಲೂ ಮಲಗಿರುತ್ತಾರೆ, ಸಂಜೆಯ ಹೊತ್ತಿಗೆ ಪಾದಗಳು ಬಾತುಕೊಳ್ಳುತ್ತವೆ. ಊರಿನ ದವಾಖಾನೆಗೆ ಕರೆದರೆ ಉಗುರು ಕಾಣದ ಹಾಗೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾರೆ.

"ನನಗೇನಾಗೇತವಾ? ಈ ಮನ್ಯಾಗ ನಾನೇನು ಉಪಾಸ ಇದ್ದೇನಿ?"

ನಾನು ಮತ್ತೆ ಕೇಳುತ್ತೇನೆ. ಅವರು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಪರೀಕ್ಷೆ ಇನ್ನೂ ಆಗಿಲ್ಲ.