ಮುಚ್ಚಿದ ಡಬ್ಬಿ ತೆರೆದು ತೋರಿಸಬೇಕು

ಜೇವರ್ಗಿ ರಸ್ತೆಯ ಬದಿಯ ಒಂದು ವಾಟರ್ ಪಾರ್ಕಿನ ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಕೆಲಸವನ್ನು ನಾನು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾಡಿದೆ. ಆಗ ನನ್ನ ಬಿ.ಎ. ಮುಗಿದಿತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮಣ್ಣೂರಿನಿಂದ ಅಫಜಲಪುರಕ್ಕೆ ದಿನಾ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಓದಿದವಳು. ಇಂಗ್ಲಿಷ್‌ನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪಾಸಾದದ್ದು ನಾನೇ. ಮುಂದೆ ಬಿ.ಇಡಿ. ಮಾಡಬೇಕೆಂದರೆ ಮೊದಲು ಕೈಯಲ್ಲೊಂದು ನೌಕರಿ ಬೇಕಾಗಿತ್ತು, ಸಿಕ್ಕದ್ದು ಇದು.

ಅಪ್ಪ ಊರಿನ ಚಹಾದಂಗಡಿಯಲ್ಲಿ ನನ್ನ ಮಗಳು ಪಾರ್ಕಿನಲ್ಲಿ ಆಫೀಸರ್ ಆಗಿದ್ದಾಳೆ ಎಂದು ಹೇಳಿಕೊಂಡು ಬಂದ. ಆಫೀಸರ್ ಅಲ್ಲ, ಬಂದವರ ಚೀಲ ನೋಡುವವಳು ಎಂದು ನಾನು ತಿದ್ದಿದೆ. "ನೋಡಾಕ ಸಹಿತ ಓದಿರಬೇಕಲ್ಲ" ಅಂದ.

ಮೊದಲು ಅಲ್ಲಿ ತಪಾಸಣೆ ಅಂಥದ್ದೇನೂ ಇರಲಿಲ್ಲ. ಟಿಕೆಟ್ ನೋಡಿ ಕೈಗೆ ಒಂದು ಪಟ್ಟಿ ಕಟ್ಟಿ ಒಳಗೆ ಬಿಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಅಲೆ ಏಳುವ ಕೊಳದ ಹತ್ತಿರ ಎರಡು ಗುಂಪಿನವರು ಜಗಳಕ್ಕೆ ಬಿದ್ದು ಒಬ್ಬ ಚಾಕು ತೆಗೆದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅದರ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು. ಅದಾದ ಮೇಲೆ ಗೇಟಿನಲ್ಲಿ ಲೋಹ ಕಂಡರೆ ಕೂಗುವ ಚೌಕಟ್ಟು ಬಂತು, ಮೈಮೇಲೆ ಆಡಿಸುವ ಕೈಮಷಿನ್ ಬಂತು, ಹೆಂಗಸರಿಗೆ ಪರದೆ ಕಟ್ಟಿದ ಒಂದು ಸಣ್ಣ ಖೋಲಿ ಬಂತು. ಆ ಖೋಲಿಯೊಳಗೆ ನಾನು, ಒಂದು ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ. ತಾಳಿ, ಬಳೆ, ಕಾಲುಂಗುರಕ್ಕೆ ಮಷಿನ್ ಕೂಗಿದರೆ ಬಿಡಬಹುದು. ಹರಿತವಾದದ್ದನ್ನು ಇಟ್ಟುಕೊಂಡು ಟೋಕನ್ ಕೊಡಬೇಕು. ಮುಚ್ಚಿದ ಡಬ್ಬಿ ಯಾವುದಿದ್ದರೂ ತೆರೆಸಿ ಒಳಗೆ ನೋಡಬೇಕು. ನಿಯಮ ಇಷ್ಟೇ.

ಜನ ಇದನ್ನು ಒಬ್ಬೊಬ್ಬರು ಒಂದೊಂದು ರೀತಿ ತೆಗೆದುಕೊಂಡರು. ಜೇವರ್ಗಿಯವರು ಮಾಲೀಕರ ಪರಿಚಯ ಹೇಳಿ, ಫೋನ್ ಹಚ್ಚಲೇನು ಎಂದು ಕೇಳುತ್ತಿದ್ದರು. ಅಫಜಲಪುರದ ಕಡೆಯವರು ನನ್ನ ಮಾತು ಕೇಳಿದ ಕೂಡಲೇ ಯಾವ ಊರು, ಯಾರ ಮಗಳು ಎಂದು ವಿಚಾರಿಸಿ, ನಮ್ಮ ಹುಡುಗಿಯೇ ಇದ್ದಾಳೆ, ಬಿಡ್ತಾಳೆ ಎಂದು ತಾವೇ ತೀರ್ಮಾನ ಮಾಡುತ್ತಿದ್ದರು. ಆಳಂದದಿಂದ ಬಂದವರು ಬೈಯಬೇಕಾದಾಗ ಮರಾಠಿಗೆ ತಿರುಗುತ್ತಿದ್ದರು. ನಮ್ಮೂರಿನ ಹೊಳೆ ದಾಟಿದರೆ ಆಚೆ ದಂಡೆಯಲ್ಲಿ ಮರಾಠಿಯೇ, ನನಗೂ ಅದು ಬರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗಂಡಸರ ಸಾಲಿನಲ್ಲಿ ಕೆಲವರು, ನಾವೇನು ಕಳ್ಳರೇನು ಎಂದು ಜಗಳ ತೆಗೆಯುತ್ತಿದ್ದರು. ಇನ್ನು ಕೆಲವರಿಗೆ ಅದೇ ಖುಷಿ. ಎರಡೂ ಕೈ ಅಗಲಿಸಿ ನಿಂತು, ವಿಮಾನ ಹತ್ತುವವರಂತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಗಾಣಗಾಪುರದ ದರ್ಶನ ಮುಗಿಸಿ ಬರುವ ಬಸ್ಸುಗಳದ್ದೇ ಬೇರೆ. ಬೆಳಿಗ್ಗೆ ದೇವರು, ಮಧ್ಯಾಹ್ನ ಪಾರ್ಕು ಎಂದು ಟ್ರಾವೆಲ್ಸ್‌ನವರು ಎರಡನ್ನೂ ಒಂದೇ ದಿನಕ್ಕೆ ಸೇರಿಸಿದ್ದರು. ಗುಡಿಯಿಂದ ನೆಟ್ಟಗೆ ಬಂದ ಹಿರಿಯರು ನಮ್ಮ ಚೌಕಟ್ಟನ್ನು ಕಂಡ ಕೂಡಲೇ ಚಪ್ಪಲಿ ಬಿಟ್ಟು, ಹೊಸ್ತಿಲಿಲ್ಲದ ಆ ಬಾಗಿಲಿನ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದರು. ಚೌಕಟ್ಟು ಕೂಗಿದರೆ ಕೈ ಮುಗಿದವರೂ ಉಂಟು. ಆಮೇಲೆ ಕಾದ ಕಾಂಕ್ರೀಟಿನ ಮೇಲೆ ಕಾಲು ಸುಟ್ಟು, ಕುಣಿಯುತ್ತ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಬಿಡಬೇಡಿ ಎಂದು ಬೋರ್ಡ್ ಹಾಕಿಸಿದೆವು. ಜನ ಚಪ್ಪಲಿಯನ್ನು ಅದರ ಬುಡದಲ್ಲೇ ಸಾಲಾಗಿ ಬಿಡತೊಡಗಿದರು.

ಪರದೆಯ ಒಳಗೆ ಹೆಂಗಸರು ಅಷ್ಟಾಗಿ ಜಗಳವಾಡುತ್ತಿರಲಿಲ್ಲ. ಗಾಳಿಗೆ ಹಾರಿದ ಸೆರಗು ಸರಿಮಾಡಿಕೊಳ್ಳಲು, ಕೂಸಿಗೆ ಹಾಲು ಕುಡಿಸಲು ಅವರಿಗೆ ಒಂದು ಮರೆ ಸಿಕ್ಕಿತ್ತು. ನಾನು ಮಷಿನ್ ಆಡಿಸುವಾಗ ಕಚಗುಳಿಯಾಗಿ ನಗುವವರಿದ್ದರು. "ನನ್ನ ಗಂಡ ಸಹಿತ ಇಷ್ಟು ಹುಡುಕಿಲ್ಲ ಬೇ" ಎಂದು ಒಬ್ಬಳು ಅಂದಾಗ ಹೊರಗಿನ ಸಾಲೆಲ್ಲ ನಕ್ಕಿತು. ಸಮಸ್ಯೆ ಇದ್ದದ್ದು ಅಡಕೊತ್ತಿನದು. ವಯಸ್ಸಾದ ಪ್ರತಿ ಹೆಂಗಸಿನ ಎಲೆ ಅಡಿಕೆಯ ಚಂಚಿಯಲ್ಲಿ ಅಡಿಕೆ ಕತ್ತರಿಸುವ ಒಂದು ಅಡಕೊತ್ತು ಇರುತ್ತದೆ, ಅದು ಹರಿತ. ಅತ್ತೆಯ ಕಾಲದ್ದು, ತವರಿನದ್ದು ಎಂದು ಅವರು ಬಿಟ್ಟುಕೊಡಲು ಒಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬ ಮುದುಕಿಗೆ ನಾನು ಅದನ್ನು ಒಳಗೆ ಒಯ್ಯಲು ಬಿಟ್ಟೆ. ಆಕೆ ಕೊಳದ ದಂಡೆಯ ಮೇಲೆ ಕುಳಿತು ಅಡಿಕೆ ಕತ್ತರಿಸಿದ್ದನ್ನು ಸೂಪರ್‌ವೈಸರ್ ಕ್ಯಾಮೆರಾದಲ್ಲಿ ನೋಡಿದರು. ಇನ್ನೊಂದು ಸಲ ನಿಯಮ ಬಿಟ್ಟರೆ ಅವತ್ತೇ ಯೂನಿಫಾರ್ಮ್ ಬಿಚ್ಚಿಟ್ಟು ಮನೆಗೆ ಹೋಗಬೇಕು ಎಂದು ಎಲ್ಲರೆದುರಿಗೆ ಹೇಳಿದರು. ಅವರು ಹೇಳಿದ್ದನ್ನು ಮಾಡುವ ಮನುಷ್ಯ. ನನಗಿಂತ ಮುಂಚೆ ಇದ್ದವಳನ್ನು ಹಾಗೆಯೇ ಕಳಿಸಿದ್ದರು.

ಆ ಮಾತಾದ ಸ್ವಲ್ಪ ದಿನಕ್ಕೆ ಆಳಂದ ತಾಲ್ಲೂಕಿನಿಂದ, ಜಿಡಗಾದ ಆಚೆಯ ಒಂದು ಹಳ್ಳಿಯಿಂದ, ಹೆಂಗಸರ ಸಂಘದವರು ಒಂದು ಬಸ್ಸು ಮಾಡಿಕೊಂಡು ಬಂದರು. ಸಾಲಿನಲ್ಲಿ ಒಬ್ಬ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಅವರ ಕೈ ಹಿಡಿದುಕೊಂಡು ಮೊಮ್ಮಗಳು. ಹುಡುಗಿ ಆಗಲೇ ಈಜುವ ಬಟ್ಟೆ ಹಾಕಿಕೊಂಡು ಸಿದ್ಧವಾಗಿದ್ದಳು. ಆಯಿ ಪರದೆಯೊಳಗೆ ಬಂದವರೇ ಚಂಚಿ ಬಿಚ್ಚಿ ಅಡಕೊತ್ತನ್ನು ತಾವೇ ತೆಗೆದು ಮೇಜಿನ ಮೇಲಿಟ್ಟರು. ನನಗೆ ನೆಮ್ಮದಿಯಾಯಿತು. ಮಷಿನ್ ಆಡಿಸಿದೆ. ಎದೆಯ ಹತ್ತಿರ ಕೂಗಿತು.

ಸೆರಗಿನ ಒಳಗೆ ಬೆಳ್ಳಿಯ ಕರಡಿಗೆ ಇತ್ತು. ಲಿಂಗ ಕಟ್ಟಿಕೊಂಡವರು ಅದನ್ನು ಇಡುವ ಡಬ್ಬಿ ಅದು, ದಾರದಲ್ಲಿ ಕೊರಳಿಗೆ ಇಳಿಬಿಟ್ಟಿದ್ದರು. ಅದಕ್ಕಿಂತ ಮುಂಚೆ ಕರಡಿಗೆಯವರು ಯಾರೂ ನನ್ನ ಪಾಲಿಗೆ ಬಂದಿರಲಿಲ್ಲ. ನೀರಿಗಿಳಿಯುವವರು ಬಹುಶಃ ಮನೆಯಲ್ಲೇ ದೇವರ ಜಗಲಿಯ ಮೇಲೆ ಇಟ್ಟು ಬರುತ್ತಿದ್ದರು. ನಾನು, ಆಯಿ, ಅದನ್ನು ತೆರೆದು ತೋರಿಸಬೇಕು ಎಂದೆ.

"ನಿನ್ನ ಕೊರಳಾಗ ಲಿಂಗ ಅದ ಏನು?" ಎಂದು ಕೇಳಿದರು.

ಇಲ್ಲ ಎಂದೆ. ನಾವು ಹೊಳೆದಂಡೆಯ ಮಂದಿ, ನಮ್ಮಲ್ಲಿ ಆ ಪದ್ಧತಿ ಇಲ್ಲ ಎಂದೆ.

"ಹಂಗಾರ ತೆಗ್ಯಾಕ ಬರಂಗಿಲ್ಲ, ತಂಗಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಲಿಂಗ ಇಲ್ಲದವರ ಕಣ್ಣಿಗೆ ತೋರಿಸುವುದು ತಮ್ಮ ಮನೆಯಲ್ಲಿ ಇಲ್ಲ ಎಂದು ಬಿಡಿಸಿ ಹೇಳಿದರು. ಅಲ್ಲದೆ ಬೆಳಿಗ್ಗೆ ಪೂಜೆ ಆಗಿದೆ, ಮತ್ತೆ ಕೈಗೆ ತೆಗೆದುಕೊಂಡರೆ ಮತ್ತೆ ಪೂಜೆ ಮಾಡದೆ ಒಳಗಿಡುವಂತಿಲ್ಲ. ಇಷ್ಟು ಹೇಳಿ, ತಾನು ಹೊರಗೇ ಕೂಡುತ್ತೇನೆ, ಉಳಿದವರು ಹೋಗಲಿ ಎಂದರು. ಮೊಮ್ಮಗಳು ಆಯಿಯ ಸೀರೆ ಹಿಡಿದುಕೊಂಡು ನೆಲದ ಮೇಲೆ ಕುಳಿತಳು. ಸಾಲು ನಿಂತಿತು.

ಹೊರಗಿನ ಹೆಂಗಸರು ಎರಡು ಪಕ್ಷವಾದರು. ಮುದುಕಿಯ ಮೈಮೇಲಿನ ದೇವರನ್ನೂ ಬಿಡುವುದಿಲ್ಲ ಇವರು ಎಂದು ಕೆಲವರು, ಇಂಥವರು ನೀರಾಡಲು ಯಾಕೆ ಬರಬೇಕು ಎಂದು ಕೆಲವರು. ನನಗೆ ಎರಡೂ ಸರಿಯೆನಿಸಿತು. ಪರದೆಯೊಳಗೆ ಕ್ಯಾಮೆರಾ ಇರಲಿಲ್ಲ, ನಿಜ. ತೆರೆಸದೆಯೇ ಬಿಡಬಹುದಿತ್ತು. ಆದರೆ ಮಷಿನ್ ಕೂಗಿದ್ದನ್ನು ಪರದೆಯ ಆಚೆಗಿದ್ದ ಎಲ್ಲರೂ ಕೇಳಿದ್ದರು, ಈ ಮಾತುಗಳನ್ನೂ ಕೇಳಿದ್ದರು. ಸೂಪರ್‌ವೈಸರ್ ಬಂದು ಪರದೆಯ ಹೊರಗೇ ನಿಂತು, ಏನು ತಡ ಎಂದು ಕೇಳಿದರು. ಒಂದು ಡಬ್ಬಿ ಇದೆ, ತೆರೆಯಲು ಒಪ್ಪುತ್ತಿಲ್ಲ ಎಂದೆ. ಏನು ಡಬ್ಬಿ ಎಂದು ಹೇಳಲಿಲ್ಲ.

"ಮೇಡಂ, ತೆರಸ್ರಿ, ಇಲ್ಲಾ ಹೊರಗ ಕಳಸ್ರಿ. ಹಂಗೇ ಒಳಗ ಬಿಟ್ರಂದ್ರ ನೀವೂ ಅವರ ಬಸ್ಸಿಗೇ ಮನೀಗಿ ಹೋಗ್ರಿ."

ಸಾಲಿನಲ್ಲಿ ಯಾರೋ ನಕ್ಕರು. ಆಯಿ ಪರದೆಯ ಕಡೆಗೆ ಒಮ್ಮೆ, ನನ್ನ ಕಡೆಗೆ ಒಮ್ಮೆ ನೋಡಿದರು. ನಿಜವಾಗಿ ಕೆಲಸದಿಂದ ತೆಗೆಯುತ್ತಾರೇನು ಎಂದು ಮೆಲ್ಲಗೆ ಕೇಳಿದರು. ತೆಗೆಯಬಹುದು ಎಂದೆ. ಎಷ್ಟು ಓದಿದ್ದೀ ಎಂದರು. ಬಿ.ಎ. ಎಂದೆ. ಅಷ್ಟು ಓದಿ ಈ ಕೆಲಸವೇನು ಎಂದು ಕೇಳುತ್ತಾರೆ ಎಂದುಕೊಂಡೆ, ಬಹಳ ಜನ ಕೇಳುತ್ತಿದ್ದರು. ಇವರು, ನಿಮ್ಮ ಮನೆಯಲ್ಲಿ ಇನ್ಯಾರು ಓದಿದ್ದಾರೆ ಎಂದರು. ನಾನೊಬ್ಬಳೇ ಎಂದೆ.

ಆಯಿ ಮೊಮ್ಮಗಳ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ನೀರು ಕೇಳಿದರು.

ನನ್ನ ಬಾಟಲಿಯ ನೀರು ಕೊಡಲೇ ಎಂದೆ. ನೀನು ಬಾಯಿ ಹಚ್ಚಿದ ಬಾಟಲಿ ಬೇಡ ಎಂದು ಹುಡುಗಿಯ ಹೆಗಲಿನ ಬಾಟಲಿ ತೆಗೆದುಕೊಂಡರು. ಕೈ ತೊಳೆದುಕೊಂಡು, ಕುರ್ಚಿಯ ಮೇಲೆ ಕುಳಿತು, ಚಂಚಿಯ ಮೂಲೆಯಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿಕೊಂಡರು. ಕರಡಿಗೆ ತೆರೆದು, ಬಟ್ಟೆ ಬಿಡಿಸಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಕರಿಯ, ನುಣ್ಣನೆಯ, ಅಂಗೈಯ ತಗ್ಗಿಗೆ ಸರಿಹೊಂದುವಷ್ಟು ಚಿಕ್ಕದು.

"ನೋಡು. ಕೈ ಹಚ್ಚಬ್ಯಾಡ."

ನೋಡಿದೆ. ಖಾಲಿ ಕರಡಿಗೆಯ ಒಳಗೂ ನೋಡಿದೆ, ಅದು ನನ್ನ ಕೆಲಸ. ಆಯಿತು ಎಂದೆ. ಅವರು ತಲೆ ಅಲ್ಲಾಡಿಸಿ, ನಿನ್ನದು ಆಯಿತು, ನನ್ನದು ಆಗಬೇಕಲ್ಲ ಎಂದು, ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಪೂಜೆಗೆ ಕುಳಿತುಬಿಟ್ಟರು.

ಬಾಟಲಿಯಿಂದ ನೀರು ಹನಿಸಿದರು. ಒರೆಸಿದರು. ವಿಭೂತಿ ಹಚ್ಚಿದರು. ಹೂವಿಲ್ಲದ್ದಕ್ಕೆ ಅವರು ಸುತ್ತ ನೋಡಿದಾಗ ಹುಡುಗಿ ತನ್ನ ಜಡೆಯ ಮಲ್ಲಿಗೆಯಿಂದ ಒಂದು ಎಸಳು ಕಿತ್ತು ಕೊಡಲು ಹೋದಳು. ಮುಡಿದ ಹೂವು ನಡೆಯುವುದಿಲ್ಲ ಎಂದು ಕಣ್ಣಲ್ಲೇ ಬೇಡವೆಂದರು. ಆಮೇಲೆ ತುಟಿ ಮಾತ್ರ ಅಲುಗುತ್ತಿತ್ತು. ಹೊರಗೆ ಹಾಡು, ನೀರಿನ ಸದ್ದು, ಬಿಸಿಲಿನಲ್ಲಿ ನಿಂತವರ ಗೊಣಗಾಟ. ಅವರಿಗೆ ಅವಸರವೇನೂ ಇದ್ದಂತೆ ಕಾಣಲಿಲ್ಲ. ಪರದೆ ಗಾಳಿಗೆ ತೆರೆಯದಂತೆ ನಾನು ಎರಡೂ ಅಂಚು ಸೇರಿಸಿ ಕೈಯಲ್ಲಿ ಹಿಡಿದು ನಿಂತೆ, ಮುಖ ಹೊರಗಿನ ಕಡೆಗೆ ಮಾಡಿಕೊಂಡು.

ಸೂಪರ್‌ವೈಸರ್ ಮತ್ತೆ ಬಂದರು. ಡಬ್ಬಿ ತೆರೆಯಿತೋ ಇಲ್ಲವೋ ಎಂದರು.

"ತೆರದಾರ್ರಿ ಸರ್. ಚೆಕ್ಕಿಂಗ್ ನಡದದ."

ಇಷ್ಟು ಹೊತ್ತು ಏನು ಚೆಕ್ಕಿಂಗ್ ಎಂದು ಅವರು ಕೇಳಿದರು. ನೀವೇ ಹೇಳಿದಂತೆ ಪೂರಾ ನೋಡುತ್ತಿದ್ದೇನೆ ಎಂದೆ. ಹೆಂಗಸರ ಪರದೆಯನ್ನು ಅವರು ಸರಿಸುವಂತಿರಲಿಲ್ಲ, ಆ ನಿಯಮವೂ ಅವರದೇ. ಹೋದರು.

ಪೂಜೆ ಮುಗಿದು, ಕರಡಿಗೆ ಮತ್ತೆ ಸೆರಗಿನೊಳಗೆ ಹೋದ ಮೇಲೆ ನಾನು ಪರದೆ ಬಿಟ್ಟೆ. ಹುಡುಗಿ ಓಡಿದಳು. ಅವರ ಹಿಂದೆ ನಿಂತಿದ್ದವಳು ಒಳಗೆ ಬಂದವಳೇ, ಅಷ್ಟು ಹೊತ್ತು ಹಿಡಿಯಲು ಮುದುಕಿಯ ಮೈಮೇಲೆ ಎಷ್ಟು ಬಂಗಾರವಿತ್ತು ಎಂದು ಕೇಳಿದಳು. ಕೈ ಅಗಲಿಸ್ರಿ ಎಂದೆ.

ಸಂಜೆ ಬಸ್ಸು ಹೊರಡುವ ಹೊತ್ತಿಗೆ ಆಯಿ ಟೋಕನ್ ಹಿಡಿದುಕೊಂಡು ಬಂದರು. ಸೀರೆಯ ಅಂಚು ಮಾತ್ರ ಒದ್ದೆಯಾಗಿತ್ತು. ಮೊಮ್ಮಗಳು ನೀರಲ್ಲಿ ಆಡುವಾಗ ಮಕ್ಕಳ ಕೊಳದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರಂತೆ. ಎಲ್ಲರ ಅಡಕೊತ್ತುಗಳಿದ್ದ ಬುಟ್ಟಿಯಿಂದ ಅವರದನ್ನು ತೆಗೆದುಕೊಟ್ಟೆ.

"ನೌಕರಿ ಉಳೀತೇನು?"

"ಉಳದದ ರೀ, ಆಯಿ."

ಅವರು ಅಲ್ಲೇ ನಿಂತು ಚಂಚಿಯಿಂದ ಒಂದು ಅಡಿಕೆ ತೆಗೆದು, ಅಡಕೊತ್ತಿನಲ್ಲಿಟ್ಟು ಎರಡು ಹೋಳು ಮಾಡಿದರು. ಒಂದನ್ನು ತಮ್ಮ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಅಂಗೈಯಲ್ಲಿ ಇಟ್ಟರು. ಕೊಡುವಾಗ ಅವರ ಬೆರಳು ನನ್ನ ಕೈಗೆ ತಾಗಿತು, ಅವರು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

ಡ್ಯೂಟಿಯಲ್ಲಿ ಇರುವಾಗ ಬಾಯಲ್ಲಿ ಏನೂ ಹಾಕಿಕೊಳ್ಳಬಾರದು ಎಂದು ನಮಗೆ ಹೇಳಿದ್ದರು. ನಾನು ಅಡಿಕೆಯನ್ನು ಬಾಯಿಗೆ ಹಾಕಿಕೊಂಡು, ಬುಟ್ಟಿಯಲ್ಲಿ ಉಳಿದ ಅಡಕೊತ್ತುಗಳ ಟೋಕನ್ ಕೂಗಲು ಹೊರಗೆ ಬಂದೆ.