ಅಣ್ಣ ಅರ್ಧಕ್ಕೆ ಬಿಟ್ಟ ಹಲ್ಲು

ಆ ಬೆಳಿಗ್ಗೆ ಕೊಳಕೂರಿನ ನಮ್ಮ ಅಂಗಳದಲ್ಲಿ ಅಣ್ಣ ಬ್ಯಾಟರಿ ಗರಗಸದ ಚೈನನ್ನು ಅರದಿಂದ ಮಸೆಯುತ್ತ ಕೂತಿದ್ದ. ಎಲ್ಲಿಂದ ಶುರುಮಾಡಿದ್ದೆಂದು ಗೊತ್ತಾಗಲಿ ಅಂತ ಮೊದಲ ಹಲ್ಲಿಗೆ ಕುಂಕುಮ ಹಚ್ಚಿದ್ದ. ರೊಟ್ಟಿ ಆರುತ್ತದೆಂದು ನಾನೇ ಅವನನ್ನು ಕೂಗಿ ಎಬ್ಬಿಸಿದೆ. ಸಂಜೆ ಎದೆನೋವು ಬಂದು ತೀರಿಕೊಂಡ.

ತಿಂಗಳಾದ ಮೇಲೆ ಗರಗಸವನ್ನು ಜೇವರ್ಗಿಯ ಮುದುಕ ಮಿಸ್ತ್ರಿಯೊಬ್ಬರ ಬಳಿ ಒಯ್ದೆ. ಅವರು ಕುಂಕುಮದ ಗುರುತಿನಿಂದ ಒಂದೊಂದೇ ಹಲ್ಲು ಸವರುತ್ತ ಹೋಗಿ, ಒಂದು ಕಡೆ ಬೆರಳು ನಿಲ್ಲಿಸಿದರು.

"ಇಲ್ಲೀತನ ಎಲ್ಲಾ ಒಂದೇ ಸಮ ಮಸ್ದಾರ್ರಿ, ಭಾಳ ಛಂದ ಕೈ. ಈ ಹಲ್ಲು ಮಾತ್ರ ಅರ್ಧಕ್ಕ ಬಿಟ್ಟು ಎದ್ದಾರ. ಯಾರರೆ ಕರದಿದ್ರೇನು?"

ಆ ದಿನ ಅವರೂ ನಮ್ಮ ಅಂಗಳದಲ್ಲಿದ್ದರೇನೋ ಅನ್ನಿಸಿತು. "ನಾನೇ ಕರ್ದಿದ್ದೆರಿ," ಅಂದೆ.

ಉಳಿದ ಹಲ್ಲುಗಳನ್ನು ಮಸೆಯಿಸದೆ ಮನೆಗೆ ತಂದೆ. ಅಣ್ಣನ ಅರವೂ ಇದೆ. ಒಂದು ಹಲ್ಲಿಗೆ ಅದನ್ನು ಎಷ್ಟು ಸಲ ಎಳೆಯುತ್ತಿದ್ದ ಎಂಬುದು ಮಾತ್ರ ನನಗೆ ಗೊತ್ತಿಲ್ಲ.