ಡಾಕ್ಟರಬಾಯಿಯ ಮನೆ ಸಿಂಗರಿಸಿದ ಮೂರು ದಿನ

೧೯೩೬ರ ಡಿಸೆಂಬರಿನಲ್ಲಿ ನಾನು ಜಮಖಂಡಿಯಲ್ಲಿ ಫರಾಸಖಾನೆಯ ಕಾರಕೂನನಾಗಿದ್ದೆ. ಫರಾಸಖಾನೆ ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಸಂಸ್ಥಾನದ ಡೇರೆ, ಜಮಖಾನೆ, ಕುರ್ಚಿ, ಪರದೆ, ತೂಗುದೀಪಗಳನ್ನು ಜೋಪಾನವಾಗಿಟ್ಟುಕೊಂಡು, ಮದುವೆಯೋ ದರಬಾರೋ ದೊಡ್ಡವರ ಭೇಟಿಯೋ ಬಂದಾಗ ಒಯ್ದು ಹಾಸಿ, ಕಟ್ಟಿ, ಮುಗಿದ ಮೇಲೆ ಬಿಚ್ಚಿ ತರುವ ಖಾತೆ ಅದು. ನನ್ನ ಕೈಕೆಳಗೆ ಒಂಬತ್ತು ಮಂದಿ ಫರಾಸರು, ಅಂದರೆ ಹಾಸುವ ಕಟ್ಟುವ ಆಳುಗಳು, ಇದ್ದರು. ಎಂಟು ವರ್ಷಗಳಲ್ಲಿ ಎಷ್ಟು ಚಪ್ಪರ ಹಾಕಿಸಿದ್ದೆನೋ ಲೆಕ್ಕವಿಲ್ಲ. ಎಂಥ ಮನೆಯನ್ನಾದರೂ ಒಂದೇ ದಿನದಲ್ಲಿ ಹಬ್ಬದ ಮನೆ ಮಾಡಿಬಿಡಬಲ್ಲೆ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕು ಇಳಿದದ್ದು ಹೇಗೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಡಿಸೆಂಬರ್ ೨೨ರ ಮುಂಜಾನೆ ಕಾರಭಾರಿಯವರಿಂದ ಕರೆ ಬಂತು. ಬೇರೆ ಕಡೆ ದಿವಾನರೆನ್ನುವ ಅಧಿಕಾರಿಯನ್ನು ನಮ್ಮಲ್ಲಿ ಕಾರಭಾರಿ ಎನ್ನುತ್ತಿದ್ದರು. ಹೆಣ್ಣುಮಕ್ಕಳ ಆಸ್ಪತ್ರೆಯ ಡಾಕ್ಟರು ಎಸ್ತರಬಾಯಿಯವರು ರಾಜೀನಾಮೆ ಬರೆದುಕೊಟ್ಟಿದ್ದಾರೆ, ಜನವರಿ ಒಂದಕ್ಕೆ ಹೊರಡುತ್ತಾರೆ ಎಂದು ಅವರು ಹೇಳಿದರು. ಜಮಖಂಡಿಯಲ್ಲಿ ಆಗ ಇದ್ದ ಹೆಣ್ಣು ಡಾಕ್ಟರು ಅವರೊಬ್ಬರೇ, ಊರವರು ಅವರನ್ನು ಡಾಕ್ಟರಬಾಯಿ ಎನ್ನುತ್ತಿದ್ದರು.

"ಊರಿನ ಹೆಣಮಕ್ಕಳು ಅವರ ಕಡೆ ಹೋಗೂದು ಸೂಲಗಿತ್ತಿ ಕೈ ಚೆಲ್ಲಿದ ಮ್ಯಾಲೆ. ಅಷ್ಟರಾಗ ಕೂಸು ಹೋಗಿರತೈತಿ. ಆಮ್ಯಾಲೆ ಬಾಯಾರ ಕೈಗುಣ ಸರಿ ಇಲ್ಲ ಅಂತಾರ. ಯಾರರ ಎಷ್ಟಂತ ತಡಕೋಬೇಕು?" ಎಂದರು ಕಾರಭಾರಿಯವರು, ಆಮೇಲೆ ನನ್ನ ಹೆಸರು ಹಿಡಿದು ಹೇಳಿದರು: "ಶಿವಲಿಂಗಪ್ಪನವರ, ಅವರು ಬಂದು ನಾಕ ವರ್ಷ ಆತು, ಅವರ ಹಬ್ಬ ಏನಂತ ನಾವು ಒಬ್ರೂ ಕೇಳಿಲ್ಲ. ಈ ಸಲ ಅವರ ಬಂಗಲೆ ಕ್ರಿಸ್‌ಮಸ್ಸಿಗೆ ಸಿಂಗಾರ ಮಾಡಸ್ರಿ. ಮನಸ್ಸು ತಿರುಗಿದ್ರ ತಿರುಗಲಿ."

ಬಾಯಿಯವರು ಅಂದೇ ನಸುಕಿನಲ್ಲಿ ಮುಧೋಳದ ಒಂದು ಕಠಿಣ ಹೆರಿಗೆಗೆ ಹೋಗಿದ್ದರು. ೨೪ರ ಸಂಜೆಗೆ ಮರಳುವವರಿದ್ದರು. ಬಂಗಲೆ ಸಂಸ್ಥಾನದ್ದೇ ಆದ್ದರಿಂದ ಒಂದು ಕೀಲಿಕೈ ನಮ್ಮ ಖಾತೆಯಲ್ಲಿತ್ತು.

ಹುಕುಮು ಕಾರಭಾರಿಯವರದಾಗಿದ್ದರೂ ಅದರ ಚಿಂತೆಯೆಲ್ಲ ನನ್ನದಾಗಿತ್ತು. ನನ್ನ ಹೆಂಡತಿ ಗೌರವ್ವನಿಗೆ ಆಗ ಒಂಬತ್ತನೆಯ ತಿಂಗಳು ಹಿಡಿದಿತ್ತು. ನಮ್ಮ ಮೊದಲನೆಯ ಕೂಸು ಮೂರು ದಿನದ ಬೇನೆಯ ನಂತರ ಉಸಿರಿಲ್ಲದೆ ಹುಟ್ಟಿತ್ತು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತಂತೆ. ಗೌರವ್ವ ಉಳಿದದ್ದೇ ದೊಡ್ಡದು. ಈ ಸಲ ಬೇನೆ ಜನವರಿಯ ನಡುವಿನಲ್ಲಿ ಬರುವುದಿತ್ತು, ಡಾಕ್ಟರಬಾಯಿ ಒಂದನೆಯ ತಾರೀಖಿಗೇ ಹೊರಡುವವರಿದ್ದರು. ಹದಿನೈದು ದಿನ ಅವರನ್ನು ಹಿಡಿದಿಡಬೇಕು, ಅದಕ್ಕೆ ನನ್ನ ಕೈಯಲ್ಲಿದ್ದದ್ದು ಜಮಖಾನೆ ಮತ್ತು ಬಣ್ಣದ ಕಾಗದ. ನನಗೆ ಅಂಜಿಕೆಯಾಗಿತ್ತು. ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಕ್ರಿಸ್‌ಮಸ್ ಸಿಂಗಾರ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಸ್ಥಾನದ ಬ್ಯಾಂಡ್ ಮಾಸ್ತರರಾದ ಮಿನೇಜರು ಗೋವೆಯವರು. ಅವರನ್ನು ಕೇಳಿದೆ. ನಕ್ಷತ್ರದ ಆಕಾರದ ಬಿದಿರಿನ ಗೂಡುದೀಪ, ಬಾಲಯೇಸುವಿನ ದನದ ಕೊಟ್ಟಿಗೆ, ಅದರ ಸುತ್ತ ಮೊಳಕೆ ಬರಿಸಿದ ಹಸಿರು ಸಸಿ, ಇಷ್ಟಿಲ್ಲದೆ ಹಬ್ಬವೇ ಅಲ್ಲ ಎಂದರು. ಅತಿಥಿಗೃಹದ ಖಾನಸಾಮ, ಅಂದರೆ ಸಾಹೇಬರ ಅಡುಗೆ ಊಟ ನೋಡಿಕೊಳ್ಳುವವನು, ಒಂದು ಹಳೆಯ ಇಂಗ್ಲಿಷ್ ಸಚಿತ್ರ ಪತ್ರಿಕೆ ತಂದು ತೋರಿಸಿದ. ಅದರಲ್ಲಿ ಮೇಣದಬತ್ತಿ ಹಚ್ಚಿದ ಗಿಡ, ಹಿಮ, ಕೆಂಪು ಹಸಿರು ಪಟ್ಟಿಗಳಿದ್ದವು. ಬಾಯಿಯವರು ಇಂಗ್ಲಿಷ್ ಮಾತಾಡುತ್ತಾರೆ, ಬೂಟು ಹಾಕುತ್ತಾರೆ, ಆದ್ದರಿಂದ ಅವರಿಗೆ ಇದೇ ಸೇರಬಹುದು ಎಂದು ನನಗನ್ನಿಸಿತು. ಯಾವುದು ಸರಿ ಎಂದು ತಿಳಿಯದಾದಾಗ ಅಂಜುವ ಕಾರಕೂನ ಮಾಡುವುದನ್ನೇ ನಾನೂ ಮಾಡಿದೆ, ಎಲ್ಲವನ್ನೂ ಮಾಡಿಸಿದೆ. ಮುಂದಿನ ಖೋಲಿಗೆ ಇಂಗ್ಲಿಷ್ ರೀತಿ, ವರಾಂಡಕ್ಕೆ ಗೋವೆಯ ರೀತಿ, ಬಾಗಿಲಿಗೆ ನಮ್ಮ ಫರಾಸಖಾನೆಯ ರೀತಿ, ಬಾಳೆಕಂಬ, ಮಾವಿನ ತೋರಣ, ಜರಿ ಅಂಚಿನ ಮಖಮಲ್ಲಿನ ಪರದೆ.

ಅತಿಥಿಗೃಹದ ತೋಟದಿಂದ ಸರುವೆ ಮರದ ಆಳೆತ್ತರದ ಟೊಂಗೆ ಕಡಿಸಿ ತಂದು ಮಣ್ಣಿನ ಕುಂಡದಲ್ಲಿ ನೆಟ್ಟೆವು. ಬನಹಟ್ಟಿಗೆ ಆಳು ಕಳಿಸಿ ನೇಕಾರರಿಂದ ಕೆಂಪು ಹಸಿರು ನೂಲಿನ ಲಡಿ ತರಿಸಿದೆ. ಹಿಮಕ್ಕೆ ಬದಲು ಹತ್ತಿ ಹಿಂಜಿಸಿ ಟೊಂಗೆಗಳ ಮೇಲೆಲ್ಲ ಹರಡಿಸಿದೆ. ೨೩ರ ಮಧ್ಯಾಹ್ನ, ಹೇಗೆ ಕಾಣುತ್ತದೆ ನೋಡೋಣವೆಂದು ಇಪ್ಪತ್ತನಾಲ್ಕು ಮೇಣದಬತ್ತಿಗಳಲ್ಲಿ ಐದನ್ನಷ್ಟೇ ಹಚ್ಚಿಸಿದೆ. ಮೂರನೆಯದರ ಹತ್ತಿರದ ಹತ್ತಿಗೆ ಕಿಡಿ ತಗಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಉರಿ ಮೇಲಕ್ಕೆ ಓಡಿತು. ಇಬ್ಬರು ಫರಾಸರು ಒದ್ದೆ ಜಮಖಾನೆ ಎತ್ತಿ ಗಿಡದ ಮೇಲೆ ಹಾಕಿ ನಂದಿಸಿದರು. ಒಂದು ಪರದೆಯ ಅಂಚು ಸುಟ್ಟಿತ್ತು, ಗೋಡೆ ಒಂದು ಮೊಳದಷ್ಟು ಕಪ್ಪಾಗಿತ್ತು. ಸುಣ್ಣ ಬಳಿಸಿದೆ, ಬೇರೆ ಟೊಂಗೆ ತರಿಸಿದೆ, ಮೇಣದಬತ್ತಿ ಬಿಟ್ಟುಬಿಟ್ಟೆ. ಅವರ ಮನಸ್ಸು ಉಳಿಸಿಕೊಳ್ಳಲು ಬಂದು ಮನೆಯನ್ನೇ ಸುಡುವುದರಲ್ಲಿದ್ದೆ.

೨೪ರ ಮುಂಜಾನೆ ಬಡಿಗೇರ ಕಾಳಪ್ಪ ಕೊಟ್ಟಿಗೆಯ ಸಾಮಾನು ತಂದ. ದನ, ಕುರಿ, ಗುಡಿಸಲು ಚೆನ್ನಾಗಿದ್ದವು. ಆದರೆ ಬಾಲಯೇಸುವಿಗೆ ಹುಲ್ಲು ಹಾಕಿದ ಗೋದಲಿ, ಅಂದರೆ ದನ ಮೇಯುವ ತೊಟ್ಟಿ, ಮಾಡು ಎಂದರೆ ಅವನು ಸರಪಳಿ, ಗಿಳಿ, ಬಣ್ಣದ ಗುಂಡುಗಳ ಸಮೇತ ಒಂದು ತೊಟ್ಟಿಲು ಮಾಡಿದ್ದ, ಅದೂ ನಿಜವಾದ ಕೂಸು ಮಲಗುವಷ್ಟು ದೊಡ್ಡದು.

"ದೇವರ ಕೂಸು ಅಂತೀರಿ, ದನಾ ಮೇಯೋದರಾಗ ಹ್ಯಾಂಗ ಮಲಗಸೂದ್ರಿ?" ಎಂದ ಕಾಳಪ್ಪ. ನಾನು ಮಿನೇಜ್ ಮಾಸ್ತರರನ್ನು ಕರೆಸಿ ತೋರಿಸಿದೆ.

ಮಿನೇಜ್ ಮಾಸ್ತರರು ನಕ್ಕರು. ತೂಗುಹಾಕಿ, ಹೊತ್ತಿಲ್ಲ ಎಂದರು. ಬಾಲಯೇಸುವಿನ ಮೂರ್ತಿಯನ್ನು ಹಬ್ಬದ ಮುಹೂರ್ತಕ್ಕೇ ಇಡಬೇಕು, ಅಲ್ಲಿಯವರೆಗೆ ತೊಟ್ಟಿಲು ಬರಿದಾಗಿಯೇ ಇರಬೇಕು, ಅದು ತಮ್ಮ ಪದ್ಧತಿ ಎಂದು ಹೇಳಿ ಬ್ಯಾಂಡಿನ ತಾಲೀಮಿಗೆ ಹೊರಟುಹೋದರು.

ವರಾಂಡದಲ್ಲಿ ಆ ಬರಿದು ತೊಟ್ಟಿಲು ಗಾಳಿಗೆ ತನ್ನಷ್ಟಕ್ಕೇ ತೂಗತೊಡಗಿತು. ನಮ್ಮ ಕಡೆ ಬರಿ ತೊಟ್ಟಿಲು ತೂಗಬಾರದು, ಅದು ಕೂಸಿಗೆ ಕೇಡು ಎನ್ನುತ್ತಾರೆ. ಹೆಸರಿಡುವ ದಿನ ಕೂಡ ಕೂಸನ್ನು ಮಲಗಿಸುವ ಮೊದಲು ಒರಳಿನ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ನಾನು ಎರಡು ಸಲ ಕೈಯಿಂದ ಹಿಡಿದು ನಿಲ್ಲಿಸಿದೆ. ಮೂರನೆಯ ಸಲ ತಡೆಯಲಾಗಲಿಲ್ಲ. ಮನೆಯಲ್ಲಿ ಬಸುರಿ ಹೆಂಡತಿಯಿದ್ದ ಗಂಡಸು ಅದನ್ನು ನೋಡುತ್ತ ನಿಲ್ಲಲಾರ. ಅಡುಗೆಮನೆಗೆ ಹೋಗಿ ಬಾಯಿಯವರದೇ ಗುಂಡುಕಲ್ಲು ತಂದು, ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಖಕ್ಕೆ ಸೆರಗು ಮುಚ್ಚಿದ ಹಾಗೆ ಮುಚ್ಚಿ ಮಲಗಿಸಿದೆ. ಸಂಜೆಗೆ ಅವರು ಬರುವ ಮೊದಲು ತೆಗೆದರಾಯಿತು ಎಂದುಕೊಂಡೆ.

ಅವರು ಮೂರು ಗಂಟೆಗೇ ಬಂದರು.

ಮೋಟಾರು ನಿಂತಾಗ ನಾನು ಒಳಗೆ ನೂಲಿನ ಲಡಿ ಕಟ್ಟಿಸುತ್ತಿದ್ದೆ. ಹೊರಗೆ ಬರುವಷ್ಟರಲ್ಲಿ ಬಾಯಿಯವರು ಬಾಳೆಕಂಬ ದಾಟಿ ವರಾಂಡ ಹತ್ತಿದ್ದರು. ಮೂವತ್ತೈದರ ಆಸುಪಾಸಿನ ಗಟ್ಟಿ ಹೆಣ್ಣುಮಗಳು, ಆದರೆ ಅಂದು ಮುಖ ಬಾಡಿತ್ತು, ಸೀರೆ ಮುದುಡಿತ್ತು. ತೋರಣ, ನಕ್ಷತ್ರ ಎಲ್ಲವನ್ನೂ ನೋಡಿದರು. ತೊಟ್ಟಿಲ ಹತ್ತಿರ ಬಂದು ಬಗ್ಗಿ, ಒಂದು ಕೈ ತಲೆಯ ಕಡೆ, ಇನ್ನೊಂದು ಕೈ ಕೆಳಗೆ ಕೊಟ್ಟು, ಎಳೆ ಕೂಸನ್ನು ಎತ್ತುವ ಹಾಗೆಯೇ ಆ ಗಂಟನ್ನು ಎತ್ತಿಕೊಂಡರು. ಬಟ್ಟೆ ಸರಿದು ಕಲ್ಲು ಕಂಡಿತು.

"ಇದನ್ನ ಯಾರು ಇಟ್ಟಾರ?" ಎಂದು ಕೇಳಿದರು. ದನಿ ಏರಿರಲಿಲ್ಲ.

"ನಾ ಇಟ್ಟೀನ್ರಿ" ಎಂದೆ.

"ನಿನ್ನೆ ಮುಧೋಳದಾಗ ಇಷ್ಟ ವಜ್ಜಾದ ಕೂಸನ್ನ ಹಿಂಗ ಸುತ್ತಿ ಅವರಪ್ಪನ ಕೈಯಾಗ ಕೊಟ್ಟ ಬಂದೀನಿ. ಎರಡ ದಿನ ಬ್ಯಾನಿ ತಿಂದ ಮ್ಯಾಲೆ ನನಗ ಹೇಳಿ ಕಳಿಸಿದ್ರು. ತಾಯಿನ ಉಳಿಸಿದೆ, ಅಷ್ಟ." ಅವರು ಕಲ್ಲನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. "ನನ್ನ ಅಣಕಿಸಾಕ ಮಾಡೀರೇನು ಇದನ್ನ?"

ಫರಾಸರ ಮುಂದೆ ಮಾನ ಹೋದರೆ ಹೋಗಲಿ ಎಂದು ಎಲ್ಲವನ್ನೂ ಹೇಳಿದೆ. ನಮ್ಮ ಪದ್ಧತಿ ಹೇಳಿದೆ, ಗೌರವ್ವನ ಸಂಗತಿ ಹೇಳಿದೆ, ಅವರನ್ನು ಹದಿನೈದು ದಿನ ನಿಲ್ಲಿಸಿಕೊಳ್ಳುವ ಸ್ವಾರ್ಥಕ್ಕೇ ಇಷ್ಟೆಲ್ಲ ಕಟ್ಟಿಸಿದೆ ಎಂದೂ ಹೇಳಿದೆ. ಬಾಯಿಯವರು ಮೆಟ್ಟಿಲ ಮೇಲೆ ಕುಳಿತರು.

"ಎಷ್ಟ ತಿಂಗಳು?"

"ಒಂಬತ್ತರಾಗ ಬಿದ್ದಾಳ್ರಿ."

"ಯಾರಿಗೆ ತೋರಿಸೀರಿ?"

"ಯಾರಿಗೂ ತೋರಿಸಿಲ್ರಿ" ಎಂದೆ. ಆಸ್ಪತ್ರೆಯ ಹೆಸರೆತ್ತಿದರೆ ನಮ್ಮವ್ವ ಊಟ ಬಿಡುತ್ತಿದ್ದಳು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದು ಅವಳ ನಂಬಿಕೆ.

"ಮೊದಲಿನ ಕೂಸು ಎಂದು ಹೋತು?"

"ಎರಡ ವರ್ಷ ಆತ್ರಿ."

"ಎರಡ ವರ್ಷದ ಹಿಂದ ನಾ ಇಲ್ಲೇ ಇದ್ನೆಲ್ಲ."

ಅಷ್ಟೇ ಅಂದರು. ನನ್ನ ಜನ್ಮದಲ್ಲಿ ಅಂಥ ಪೆಟ್ಟು ನಾನು ತಿಂದಿರಲಿಲ್ಲ. ಬಾಯಿಯವರು ಕಲ್ಲನ್ನು ಮೆಟ್ಟಿಲ ಮೇಲಿಟ್ಟು, ಚೀಲ ಎತ್ತಿಕೊಂಡು, "ನಡೀರಿ, ಮನಿ ತೋರಸ್ರಿ" ಎಂದರು. ಮುಖ ಕೂಡ ತೊಳೆಯಲಿಲ್ಲ.

ನಮ್ಮ ಮನೆಯ ಬಾಗಿಲಲ್ಲಿ ನಮ್ಮವ್ವ ಅಡ್ಡ ನಿಂತಳು. ಹುಟ್ಟಿದಂದಿನಿಂದ ನಾನು ಆಕೆಗೆ ಎದುರಾಡಿದವನಲ್ಲ. "ಯವ್ವಾ, ಬಾಜೂಕ ಸರಿ" ಎಂದೆ. ಆಕೆ ನನ್ನ ಮುಖ ನೋಡಿ ಸರಿದಳು. ಒಳಗೆ ಬಾಯಿಯವರು ಅರ್ಧ ಗಂಟೆಗೂ ಮೇಲೆ ಇದ್ದರು. ಅಷ್ಟು ಹೊತ್ತೂ ನಾನು ಕಟ್ಟೆಯ ಮೇಲೆ ಕುಳಿತು, ಇನ್ನೊಂದು ಕೂಸನ್ನೂ ನನ್ನ ಹೆದರಿಕೆಗೇ ಬಲಿಕೊಟ್ಟೆನೇನೋ ಎಂದು ಒದ್ದಾಡಿದೆ.

"ಇದೂ ಅಡ್ಡ ಮಲಗಿತ್ತು" ಎಂದರು ಹೊರಬಂದು. "ಹೊರಗಿಂದ ಒತ್ತಿ ತಿರುಗಿಸಿ ಪಟ್ಟಿ ಕಟ್ಟೀನಿ. ಮತ್ತ ಹೊರಳಿದ್ರೂ ಹೊರಳಬಹುದು. ದಿನಾ ನೋಡಬೇಕು, ಬ್ಯಾನಿ ಬಂದಾಗ ನಾ ಮಗ್ಗಲದಾಗ ಇರಬೇಕು." ನಮ್ಮವ್ವ ಆಸ್ಪತ್ರೆ ಬೇಡವೆಂದು ಅಳತೊಡಗಿದಳು. ಬಾಯಿಯವರು ಆಕೆಯ ಕಡೆ ತಿರುಗಿ, "ಆಸ್ಪತ್ರಿ ಬ್ಯಾಡಾದ್ರ ಬ್ಯಾಡ್ರಿ ಅವ್ವಾರ. ನಮ್ಮ ಮನಿಗೆ ಬರಲಿ, ನೀವೂ ಬರ್ರಿ. ಬಾಣಂತನ ಮುಗಿಯೂತನಕಾ ನಾ ಎಲ್ಲಿಗೂ ಹೋಗಂಗಿಲ್ಲ" ಎಂದರು.

ಬಂಗಲೆಗೆ ಮರಳಿದಾಗ ಮುಂದಿನ ಖೋಲಿಯಲ್ಲಿ ಗಿಡ, ಹತ್ತಿ, ಹದಿನಾರು ಕುರ್ಚಿ, ಎರಡು ಮೇಜು, ಕಾಲಿಡಲು ಜಾಗವಿರಲಿಲ್ಲ. ಬಾಯಿಯವರು ಬಾಗಿಲಲ್ಲೇ ನಿಂತು ಮೊದಲ ಸಲ ಸಣ್ಣಗೆ ನಕ್ಕರು.

"ಕಾರಕೂನರ, ನಮ್ಮಪ್ಪ ಬೆಟಗೇರಿಯಾಗ ನೇಕಾರ. ಇದ್ದದ್ದು ಒಂದ ಖೋಲಿ, ಅದರಾಗ ಮಗ್ಗ. ಕ್ರಿಸ್‌ಮಸ್ಸಿನ ಹಿಂದಿನ ದಿನ ಮಗ್ಗ ಬಿಚ್ಚಿ ಹಿತ್ತಲದಾಗ ಇಟ್ಟು, ನೇಯುವಾಗ ಕಾಲು ಇಳಿಬಿಡೋ ಕುಣಿ ಮ್ಯಾಲೆ ಹಲಗಿ ಹಾಕಿ, ನೆಲಾ ಸಾರಸ್ತಿದ್ದಿವಿ. ಬಂದವರು ಕುಂಡ್ರಾಕ ಜಾಗಾ ಆಗಲಿ ಅಂತ. ಅಷ್ಟ ನಮ್ಮ ಸಿಂಗಾರ. ಇದನ್ನೆಲ್ಲ ತಗಸ್ರಿ, ನಿಮ್ಮ ಹೆಂಡತಿಗೆ ಒಂದು ಹೊರಸು ಹಾಕ್ರಿ."

ಮೂರು ದಿನ ಕಟ್ಟಿದ್ದನ್ನು ಒಂದೂವರೆ ತಾಸಿನಲ್ಲಿ ಬಿಚ್ಚಿದೆವು. ತೊಟ್ಟಿಲನ್ನೂ ಒಯ್ಯಲು ಹೋದಾಗ, "ಅದು ಇರಲಿ, ಬೇಕಾಗತೈತಿ" ಎಂದರು. ಹೊತ್ತು ಮುಳುಗುವ ಮೊದಲು ಸಾರಿಸಿದ ನೆಲದ ಮೇಲೆ ಮಲಗಲು ಎರಡು ಹೊರಸು, ಕೂರಲು ಒಂದು ಚಾಪೆ ಉಳಿದಿದ್ದವು. ಗೌರವ್ವ ಅಲ್ಲಿಗೆ ನಡೆದೇ ಬಂದಳು.

ಜನವರಿ ೧೯ರ ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಬೇನೆಯಲ್ಲಿ ಎರಡು ಸಲ ಕೈ ಮೀರುವ ಹಾಗಾಯಿತಂತೆ. ಆದರೆ ಬಾಯಿಯವರು ಮಗ್ಗುಲಲ್ಲೇ ಇದ್ದರು. ಅಷ್ಟು ದಿನ ಗೌರವ್ವನನ್ನು ಮಾತಾಡಿಸುವ ನೆಪದಲ್ಲಿ ಓಣಿಯ ಬಸುರಿಯರು ಬಂದು ಆ ಚಾಪೆಯ ಮೇಲೆ ಕುಳಿತು, ಹೋಗುವಾಗ ತಮ್ಮನ್ನೂ ತೋರಿಸಿಕೊಂಡು ಹೋಗುತ್ತಿದ್ದರು. ಆಸ್ಪತ್ರೆಗೆ ಅಂಜಿದವರು ಮನೆಗೆ ಅಂಜಲಿಲ್ಲ. ಫೆಬ್ರುವರಿಯಲ್ಲಿ ಬಾಯಿಯವರು ರಾಜೀನಾಮೆ ವಾಪಸು ಪಡೆದರು. ಮುಂದೆ ಆರು ವರ್ಷ ಇದ್ದರು. ಪ್ರತಿ ಡಿಸೆಂಬರ್ ೨೪ಕ್ಕೆ ನಾನು ಇಬ್ಬರು ಫರಾಸರನ್ನು ಕರೆದುಕೊಂಡು ಹೋಗಿ ಅವರ ಮುಂದಿನ ಖೋಲಿಯ ಸಾಮಾನು ಹೊರಗಿಡಿಸಿ ಬರುತ್ತಿದ್ದೆ.

ನೌಕರಿ ನನಗೆ ಕಲಿಸಿದ ಪಾಠ ದೊಡ್ಡದೇನಲ್ಲ. ಇನ್ನೊಬ್ಬರ ಮನೆಯ ಹಬ್ಬವನ್ನು ನಾವೇ ಊಹಿಸಿಕೊಂಡು ಮಾಡಬಾರದು, ಬಾಗಿಲಿಗೆ ಹೋಗಿ ಅವರನ್ನು ಕೇಳಬೇಕು. ನಮ್ಮ ಮನೆಯಿಂದ ಡಾಕ್ಟರಬಾಯಿಯ ಮನೆಗೆ ಎರಡು ಫರ್ಲಾಂಗಿನ ದಾರಿ. ಅದನ್ನು ನಾನು ಎರಡು ವರ್ಷ ಮೊದಲೇ ನಡೆದಿದ್ದರೆ ನನಗೆ ಇಬ್ಬರು ಮಕ್ಕಳಿರುತ್ತಿದ್ದರು.